ಬ್ರೆಜಿಲ್‌ಗೆ ಮಳೆ, ಬಾಳೂರಿಗೆ ಚಿಂತೆ

(ಬಾಳೂರಿನಲ್ಲಿ ಭಟ್ರ ಹೋಟೆಲು. ಬೆಳಗ್ಗಿನಿಂದ ಕರೆಂಟಿಲ್ಲ. ಕಾಫಿ ಬೆಳೆಗಾರ ಗೌಡ್ರ ಮೊಬೈಲಿನಲ್ಲಿ ಮಾತ್ರ ಜಗತ್ತಿನ ಸುದ್ದಿ.)

ಗೌಡ್ರು: ಭಟ್ರೇ, ಬ್ರೆಜಿಲ್‌ನಲ್ಲಿ ಒಳ್ಳೇ ಮಳೆಯಂತೆ ಮಾರಾಯ್ರೆ. ಎದೆ ಧಸಕ್ಕಂತು.

ಭಟ್ರು: ಮಳೆ ಬಂದ್ರೆ ಸಂತೋಷ ಅಲ್ವಾ?

ಗೌಡ್ರು: ಎಂಥ ಸಂತೋಷ? ಜಗತ್ತಲ್ಲೇ ಹೆಚ್ಚು ಕಾಫಿ ಬೆಳೆಯೋರು ಅವ್ರು. ಅಲ್ಲಿ ಫಸಲು ಬಂದ್ರೆ ಇಲ್ಲಿ ರೇಟು ಮಲಗುತ್ತೆ. 2021ರ ಜುಲೈಯಲ್ಲಿ ಅಲ್ಲಿ ಹಿಮ ಬಿದ್ದು ಗಿಡ ಸುಟ್ಟಾಗ ರೇಟು ಹೇಗೆ ಎದ್ದಿತ್ತು!

ಭಟ್ರು: ಹಾಗಾದ್ರೆ ದೇವರಿಗೆ ಎರಡು ಅರ್ಜಿ ಹಾಕಿ. ಬಾಳೂರಿಗೆ ಹೂಮಳೆ, ಬ್ರೆಜಿಲ್‌ಗೆ ಬರ.

ಗೌಡ್ರು: ಹಾಕಿದೀನಿ. ಆರ್‌ಸಿಬಿಗೆ ಐಪಿಎಲ್ ಕಪ್ ಕೊಟ್ಟ ದೇವರು ನನ್ನ ಕೈಬಿಡ್ತಾನಾ?

ಭಟ್ರು: 2008ರಲ್ಲಿ ಹಾಕಿದ ಅರ್ಜಿ 2025ರ ಜೂನ್ 3ಕ್ಕೆ ವಿಲೇವಾರಿ ಆಯ್ತು. ಅದೂ ಆರೇ ರನ್ನಲ್ಲಿ!

ಗೌಡ್ರು: ಅಷ್ಟು ಕಾಯೋಕೆ ತೋಟ ಇರ್ಬೇಕಲ್ಲ? ಆನೆ ನಿನ್ನೆ ಬೈನೆ ಮರ ಸಿಗಿದು, ಬೇಲಿ ಮುರಿದು, ಲದ್ದಿ ಹಾಕಿ ಹೋಗಿದೆ. ಇರ್ಲಿ, ಒಂದು ಸ್ಟ್ರಾಂಗ್ ಕಾಫಿ ಕೊಡಿ.

ಭಟ್ರು: ಕಾಫಿಪುಡಿ ಸಿಕ್ಕಾಪಟ್ಟೆ ತುಟ್ಟಿ, ಗೌಡ್ರೇ. ಗಿಟ್ಟದೆ ನಿಲ್ಲಿಸಿಬಿಟ್ಟೆ. ಟೀ ಇದೆ.

ಗೌಡ್ರು: (ಮುಖ ಅರಳಿಸಿ) ಹಂಗಾದ್ರೆ ರೇಟು ಇನ್ನೂ ಬಿದ್ದಿಲ್ಲ! ಎಲ್ರಿಗೂ ನನ್ನ ಲೆಕ್ಕದಲ್ಲಿ ಟೀ ಕೊಡಿ!