ಮೌನ ಹುಡುಕಿ ಬೈಲಕುಪ್ಪೆಗೆ

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು. ಬೆಳಿಗ್ಗೆ ಏಳಕ್ಕೆ ಟೈಲ್ಸ್ ಕೊಯ್ಯುವ ಮಿಷನ್ನು ಶುರುವಾದರೆ ಸಂಜೆ ಆರರವರೆಗೆ ಹಲ್ಲು ಜುಮ್ಮೆನ್ನುತ್ತಿತ್ತು. ತಡೆಯಲಾರದೆ, ಕುಶಾಲನಗರದಲ್ಲಿ ಕ್ಯಾಷಿಯರ್ ಆಗಿದ್ದಾಗ ಕೌಂಟರಿನಲ್ಲಿ ಪರಿಚಯವಾಗಿದ್ದ ಹಿರಿಯ ಲಾಮಾ ಒಬ್ಬರಿಗೆ ಫೋನು ಮಾಡಿ, "ಸ್ವಲ್ಪ ಮೌನ ಬೇಕಿತ್ತು" ಎಂದೆ. "ಬನ್ನಿ ಸಾರ್, ನಮ್ಮ ಮಠದಲ್ಲಿ ಬೇಕಾದಷ್ಟಿದೆ" ಎಂದರು, ಪಿರಿಯಾಪಟ್ಟಣ ಸೀಮೆಯ ಕನ್ನಡದಲ್ಲಿ. ಅವರು ಹುಟ್ಟಿದ್ದೇ ಬೈಲಕುಪ್ಪೆಯಲ್ಲಿ. 1960ರ ಸುಮಾರಿಗೆ ಟಿಬೆಟ್ ಬಿಟ್ಟು ಬಂದವರಿಗೆ ಮೈಸೂರು ಸರ್ಕಾರ ಅಲ್ಲಿ ಜಾಗ ಕೊಟ್ಟಾಗ, ಅವರಪ್ಪ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದವರಂತೆ.

ಮೇ ತಿಂಗಳ ಸೆಕೆಯಲ್ಲಿ ಹೋಗಿ ಇಳಿದೆ. ಮೊದಲ ದಿನ ಬೆಳಕು ಹರಿಯುವ ಮುಂಚೆ ತಲೆಯ ಮೇಲೆ ಆನೆ ಘೀಳಿಟ್ಟಿತು. ಕೊಡಗಿನ ಗಡಿ, ಆನೆ ಬರುವುದು ಹೊಸದಲ್ಲ. ಆದರೆ ಮಹಡಿಯ ಮೇಲೆ? ಹತ್ತಿ ನೋಡಿದರೆ ಇಬ್ಬರು ಭಿಕ್ಷುಗಳು, ಅವರಿಗಿಂತ ಉದ್ದದ ಕಹಳೆಗಳು. ಅದರ ಬೆನ್ನಿಗೇ ನಗಾರಿ, ತಾಳ, ನೂರಾರು ಗಂಟಲುಗಳ ಮಂತ್ರ. ಸಂಜೆಯಾದರೂ ನೆಮ್ಮದಿ ಸಿಕ್ಕೀತು ಎಂದುಕೊಂಡರೆ ಅಂಗಳದಲ್ಲಿ ಹೊಡೆದಾಟವೇ ಎದ್ದಿತ್ತು. ಒಬ್ಬ ನೆಲದ ಮೇಲೆ ಕೂತಿದ್ದಾನೆ. ಇನ್ನೊಬ್ಬ ಅವನ ಮೇಲೇ ಎರಗುವಂತೆ ಬಂದು, ಎಡಗಾಲು ನೆಲಕ್ಕಪ್ಪಳಿಸಿ, ಮುಖದ ಮುಂದೆ ಚಟಾರನೆ ಚಪ್ಪಾಳೆ ತಟ್ಟಿ ಕಿರುಚುತ್ತಾನೆ. ಇಂಥ ಜೋಡಿಗಳು ಹತ್ತಾರು. ಬಿಡಿಸೋಣವೆಂದು ಚಪ್ಪಲಿ ಮೆಟ್ಟಿದೆ.

"ಅಯ್ಯೋ, ತರ್ಕಶಾಸ್ತ್ರ ಸಾರ್!" ಲಾಮಾ ತೋಳು ಹಿಡಿದು ನಿಲ್ಲಿಸಿದರು. "ಬಣ್ಣ ಅನ್ನೋದೆಲ್ಲ ಕೆಂಪೇನಾ ಅಂತ ಕೇಳ್ತಿದ್ದಾನೆ. ಕೂತವನು ಹೌದು ಅಂದ್ರೆ ಬಿಳೀ ಶಂಖ ತಂದಿಡ್ತಾನೆ."

ಗೆಶೆ ಪದವಿಗೆ ಹದಿನೈದು ಇಪ್ಪತ್ತು ವರ್ಷ ಹೀಗೆ ಚಪ್ಪಾಳೆ ತಟ್ಟಬೇಕಂತೆ. ನಮ್ಮೂರಿನ ಟೈಲ್ಸ್ ಮಿಷನ್ನು ಆರಕ್ಕೆ ನಿಲ್ಲುತ್ತಿತ್ತಲ್ಲ, ಎಂದು ನಾನು ರಾತ್ರಿ ಒಂಬತ್ತರವರೆಗೂ ನೆನೆದೆ.

ಬೆಣ್ಣೆ ಚಹಾದ ಕಥೆ ಬೇರೆ. ಅದನ್ನು ಚಹಾ ಎಂದುಕೊಂಡು ಕುಡಿದವನು ಕೆಟ್ಟ. ಉಪ್ಪು ಬಿದ್ದಿದೆ, ಬೆಣ್ಣೆ ತೇಲಿದೆ, ಸಾರು ಎಂದುಕೊಂಡರೆ ಪರವಾಗಿಲ್ಲ. ಎಲೆಯಲ್ಲಿ ಏನೂ ಬಿಡಬಾರದು ಎಂದು ಬೆಳೆಸಿದ ಮನೆ ನನ್ನದು. ಅತಿಥಿಯ ಬಟ್ಟಲು ಬರಿದಾಗಬಾರದು ಎಂದು ಬೆಳೆದವನು ಬಡಿಸುವ ಹುಡುಗ. ನಾನು ಮುಗಿಸುತ್ತೇನೆ, ಅವನು ತುಂಬುತ್ತಾನೆ. ಆರನೆಯ ಬಟ್ಟಲಿನ ಹೊತ್ತಿಗೆ ಲಾಮಾ ಮೆಲ್ಲಗೆ, "ಸಾಕಾದ್ರೆ ತುಂಬಿದ್ದು ತುಂಬಿದ ಹಾಗೇ ಬಿಟ್ಟುಬಿಡಿ ಸಾರ್" ಎಂದರು. ಮೊದಲೇ ಹೇಳಬಾರದಿತ್ತೆ! ಸಂಪಾ ಮಾತ್ರ ಮೊದಲ ತುತ್ತಿಗೇ ಒಗ್ಗಿತು. ನಮ್ಮಜ್ಜಿಯ ರಾಗಿ ಹುರಿಹಿಟ್ಟಿನ ದಾಯಾದಿ, ಇಲ್ಲಿ ಜವೆಗೋಧಿಯದು, ಅಷ್ಟೆ.

ಅಷ್ಟರಲ್ಲಿ ಸಾಗಾ ದಾವಾ ಬಂತು, ಟಿಬೆಟನ್ನರ ಪಂಚಾಂಗದ ನಾಲ್ಕನೇ ತಿಂಗಳು, ಬುದ್ಧನ ತಿಂಗಳು. ಆಗ ನ್ಯುಂಗ್ನೆ ಎಂಬ ವ್ರತ ಹಿಡಿಯುತ್ತಾರೆ. ಮೊದಲ ದಿನ ಮಧ್ಯಾಹ್ನದೊಳಗೆ ಒಂದೇ ಊಟ. ಎರಡನೇ ದಿನ ಅನ್ನವಿಲ್ಲ, ನೀರಿಲ್ಲ, ಮಾತಿಲ್ಲ. ಜೊತೆಗೆ ಉದ್ದಂಡ ನಮಸ್ಕಾರಗಳು. "ಸಾರ್ ಕೇಳಿದ ಮೌನ ಇದೇ" ಎಂದು ಲಾಮಾ ನನ್ನನ್ನೂ ಸೇರಿಸಿದರು. ನಾನೂ ಏಕಾದಶಿ ಮಾಡಿದವನೇ ಎಂದು ಬೀಗಿದೆ. ನಮ್ಮಲ್ಲಿ ಏಕಾದಶಿಯೆಂದರೆ ಅವಲಕ್ಕಿ, ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣಿನ ರಸಾಯನ. ದ್ವಾದಶಿಯ ದಿನವೇ ಹೊಟ್ಟೆ ಸ್ವಲ್ಪ ಹಗುರ.

"ನಿಮ್ಮ ಪಕ್ಕ ಮೋಮೋ-ಲಾ ಇರ್ತಾರೆ" ಎಂದಾಗ ನನಗೆ ಕೊಂಚ ಆಸೆಯಾಯಿತು. ಬಂದವರು ಎಂಬತ್ತರ ಆಸುಪಾಸಿನ ಮುದುಕಿ. ಅವರ ಭಾಷೆಯಲ್ಲಿ ಮೋಮೋ ಎಂದರೆ ಹಬೆಯ ಕಡುಬಷ್ಟೇ ಅಲ್ಲ, ಅಜ್ಜಿಯೂ ಹೌದು. ಲಾ ಎಂಬುದು ನಮ್ಮ 'ಅವರು' ಇದ್ದ ಹಾಗೆ, ಗೌರವಕ್ಕೆ. ನಾನು ಒಂದು ಸಲ ಅಡ್ಡಬಿದ್ದು, ಮಂಡಿಯೂರಿ, ಕಂಬ ಹಿಡಿದು ಏಳುವುದರೊಳಗೆ ಅಜ್ಜಿಯದು ಮೂರಾಗಿರುತ್ತಿತ್ತು.

ಎರಡನೇ ದಿನ ಸಂಜೆ ನಾಲ್ಕರ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿತ್ತು. ಅಡುಗೆಮನೆಯ ಕಡೆಯಿಂದ ಬಾಣಲೆಯ ಸದ್ದು. ಅಜ್ಜಿ, ನಾನು ಜಗಲಿಯ ಮೇಲೆ ಕೂತಿದ್ದೆವು. ಫುಟ್‌ಬಾಲ್ ಹಿಡಿದ ಎಂಟೊಂಬತ್ತು ವರ್ಷದ ಮರಿ ಭಿಕ್ಷು ಬಂದು ನಿಂತ. ಪೇಟೆಯಲ್ಲಿ ಕಲಿತ ಕನ್ನಡವನ್ನು ಯಾರ ಮೇಲಾದರೂ ಪ್ರಯೋಗಿಸಬೇಕಿತ್ತೆಂದು ಕಾಣುತ್ತದೆ.

"ಅಂಕಲ್, ಊಟ ಆಯ್ತಾ?"

ನಾನು ಬಾಯಿಯ ಮೇಲೆ ಬೆರಳಿಟ್ಟೆ. ತಿನ್ನಲು ಕೇಳುತ್ತಿದ್ದೇನೆ ಎಂದುಕೊಂಡನೋ ಏನೋ, ಕಿಸೆಯಿಂದ ಅರ್ಧ ಬಿಸ್ಕತ್ತು ತೆಗೆದು ಚಾಚಿದ. ಕೈಯಾಡಿಸಿದೆ. ಹಿಂದಿಯಲ್ಲಿ ಕೇಳಿದ. ತಲೆಯಾಡಿಸಿದೆ. ಅಜ್ಜಿಗೂ ಮೌನ, ಆದರೆ ಭುಜ ಕುಲುಕುತ್ತಿತ್ತು. ಹುಡುಗ ಗೆಳೆಯನನ್ನು ಕೂಗಿ ಕರೆದ. ಇಬ್ಬರೂ ನನ್ನೆದುರು ನಿಂತು, ಎಡಗಾಲು ಎತ್ತಿ ನೆಲಕ್ಕಪ್ಪಳಿಸಿ, ಮೂಗಿನ ಮುಂದೆ ಚಟಾರನೆ ಚಪ್ಪಾಳೆ ತಟ್ಟಿದರು.

"ಊಟ ಆಯ್ತಾ?"