ಸರ್ವನಾಮಗಳ ಸಂಸಾರ

ಇಂಗ್ಲಿಷ್ ಸರ್ವನಾಮಗಳದ್ದು ದೊಡ್ಡ ಅವಿಭಕ್ತ ಕುಟುಂಬ. ಯಜಮಾನ ‘ಐ’. ವಾಕ್ಯದ ನಟ್ಟನಡುವೆ ಕೂತರೂ ದೊಡ್ಡಕ್ಷರದಲ್ಲೇ ಎದೆ ಸೆಟೆಸಬೇಕು. ‘ವೀ’, ‘ಹೀ’, ‘ಶೀ’ಗಳಿಗೆ ಆ ಭಾಗ್ಯವಿಲ್ಲ.

‘ಯೂ’ ಪಕ್ಕಾ ಸಮಾಜವಾದಿ. ಮಾವನವರಿಗೂ ಅದೇ, ಮನೆಯ ನಾಯಿಗೂ ಅದೇ. ಹಿಂದೆ ಏಕವಚನಕ್ಕೆ ‘ದೌ’ ಅಂತೊಬ್ಬನಿದ್ದ. ಕಂಡಕಂಡವರಿಗೆಲ್ಲ ಬಹುವಚನದ ಮರ್ಯಾದೆ ಹಂಚುತ್ತಾ 17ನೇ ಶತಮಾನದ ಹೊತ್ತಿಗೆ ಅವನನ್ನು ಮೂಲೆಗೆ ತಳ್ಳಿದರು. ಎಲ್ಲರೂ ‘ನೀವು’ ಆದಮೇಲೆ ಯಾರಿಗೂ ಮರ್ಯಾದೆ ಉಳಿಯಲಿಲ್ಲ ಅನ್ನಿ!

‘ಮೈಸೆಲ್ಫ್’ ಆತ್ಮಾರ್ಥಕ. ತರಕಾರಿ ಹೆಚ್ಚುವಾಗ ನಮ್ಮ ಬೆರಳನ್ನು ನಾವೇ ಕುಯ್ದುಕೊಂಡರೆ, ಅಂದರೆ ಮಾಡಿದವರ ಮೇಲೇ ಕೆಲಸ ತಿರುಗಿ ಬಿದ್ದರೆ, ಆಗ ಬರಬೇಕಾದವನು. ನಮ್ಮೂರಲ್ಲಿ ಅಷ್ಟು ಹೊತ್ತು ಕಾಯುವ ತಾಳ್ಮೆ ಅವನಿಗಿಲ್ಲ. ಇಂಟರ್‌ವ್ಯೂ ಬಾಗಿಲಲ್ಲೇ ‘ಮೈಸೆಲ್ಫ್ ಮಂಜುನಾಥ’ ಎಂದು ಕೈಕುಲುಕಿಬಿಡುತ್ತಾನೆ.

‘ಸಮ್‌ಬಡಿ’, ‘ಎನಿಬಡಿ’, ‘ನೋಬಡಿ’ ಅನಿಶ್ಚಿತರು. ಆಫೀಸಿನ ಕೆಲಸವೆಲ್ಲ ಇವರ ತಲೆಗೇ. ‘ಸಮ್‌ಬಡಿ’ ಮಾಡುತ್ತಾನೆಂದು ಎಲ್ಲರೂ ಕಾಯುತ್ತಾರೆ. ಕೊನೆಗೆ ಮಾಡುವವನು ‘ನೋಬಡಿ’.

ಇನ್ನು ‘ದೇ’. ಗಂಡೋ ಹೆಣ್ಣೋ ತಿಳಿಯದ ಒಬ್ಬರಿಗೂ ಅದು 14ನೇ ಶತಮಾನದಿಂದಲೇ ನಡೆದುಬಂದಿದೆ. ವ್ಯಾಕರಣದ ಮೇಷ್ಟ್ರುಗಳು ಕೆಂಪು ಇಂಕಿನಲ್ಲಿ ಹೊಡೆದದ್ದೇ ಹೊಡೆದದ್ದು. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನೇ ವರ್ಷದ ಪದವೆಂದು ಸಾರಿತು. ಒಬ್ಬರೇ ಬಂದರೂ ‘ಅವರು ಬಂದರು, ಕಾಫಿ ಇಡು’ ಎನ್ನುವ ನಮಗೆ ಇದರಲ್ಲೇನು ಸುದ್ದಿ?