ತಿರುಗುವ ನಾಬು, ಏರದ ಸದ್ದು

ಕೆಜಿಎಫ್‌ನಲ್ಲಿ ಗಿಟಾರಿನ ನಾಬು ಸಡಿಲವಾದರೆ ಸಲಹೆಗೆ ಬರವಿಲ್ಲ. 'ಪೇಪರ್ ಸುತ್ತಿ ಒತ್ತಣ್ಣಾ' ಎನ್ನುವವನು ಒಬ್ಬ, 'ಎರಡು ತೊಟ್ಟು ಫೆವಿಕ್ವಿಕ್ ಬಿಡು' ಎನ್ನುವವನು ಇನ್ನೊಬ್ಬ. ಎರಡನೆಯವನ ಮಾತು ಕೇಳಿದರೆ ಗಮ್ಮು ಒಳಗಿಳಿದು, ನಾಬಿನ ಕೆಳಗಿನ ಪಾಟೇ (ಪೊಟೆನ್ಶಿಯೋಮೀಟರ್) ಹಿಡಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಗಿಟಾರಿಗೆ ಒಂದೇ ವಾಲ್ಯೂಮು. ಇದನ್ನು ನಮ್ಮ ಕಡೆ ಸ್ಥಿರ ಸರ್ಕಾರ ಎನ್ನುತ್ತಾರೆ.

ನಾಬಿನದು ಬರೀ ಟೋಪಿಯ ಕೆಲಸ. ಅಸಲಿ ಕಸುಬು ಕೆಳಗಿರುವ ಪಾಟಿನದು. ಅದರೊಳಗೆ ಕಾರ್ಬನ್ ಪಟ್ಟಿ, ಮೇಲೆ ಉಜ್ಜಿಕೊಂಡು ಓಡಾಡುವ ಒಂದು ಕೈ, ಹೊರಗೆ ಮೂರು ಕಾಲು. ಸೀಳಿದ ದಂಡದ ಮಾಮೂಲಿ ಪಾಟಿಗೆ 18 ಹಲ್ಲು, ಅಮೆರಿಕದ್ದಕ್ಕೆ 24. ಒಂದರ ನಾಬನ್ನು ಇನ್ನೊಂದಕ್ಕೆ ತುರುಕಿದರೆ ಕೂರುವುದಿಲ್ಲ, ಕೂತರೂ ನಿಲ್ಲುವುದಿಲ್ಲ. ಸಡಿಲವಿದ್ದರೆ ಸಣ್ಣ ಸ್ಕ್ರೂಡ್ರೈವರಿನಿಂದ ಸೀಳನ್ನು ಕೂದಲೆಳೆಯಷ್ಟು ಅಗಲಿಸಬೇಕು. ಜಾಸ್ತಿ ಪೌರುಷ ತೋರಿಸಿದರೆ ಅರ್ಧ ದಂಡ ಕೈಗೇ ಬರುತ್ತದೆ.

ಪಾಟಿನಲ್ಲೂ ಎರಡು ಜಾತಿ. 'ಎ' ಬರೆದದ್ದು ಕಿವಿಗೆ ಹಿತವಾಗಿ ಹಂತ ಹಂತವಾಗಿ ಏರುತ್ತದೆ. 'ಬಿ' ಬರೆದದ್ದು ಮೊದಲ ಚೂರು ತಿರುವಿಗೇ ಅಬ್ಬರಿಸುತ್ತದೆ, ಆಮೇಲೆ 10ರವರೆಗೆ ತಿರುಗಿಸಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಪ್ರಣಾಳಿಕೆಗಳಿಗೆಲ್ಲ ಹಾಕಿರುವುದು 'ಬಿ'.

ಸ್ಪೇರಿಗಾಗಿ ಬಂಗಾರಪೇಟೆಗೆ ಇಳಿದರೆ, 'ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಣ್ಣಾ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಂಗಾರಪೇಟೆಯ ಬಣ್ಣವಿಲ್ಲದ ಪಾನಿಪುರಿ ಬೆಂಗಳೂರಿನ ಬೀದಿಬೀದಿಗೂ ಹೋಗಿ ಕೂತಿದೆ. ಬೆಂಗಳೂರಿನ ಒಂದು ಪಾಟು ಮಾತ್ರ ಈ ಕಡೆ ರೈಲು ಹತ್ತಲು ತಯಾರಿಲ್ಲ. ಅದರದೂ ತಪ್ಪಲ್ಲ ಬಿಡಿ. ಬೆಳಗಿನ ಮಾರಿಕುಪ್ಪಂ ಗಾಡಿಯಲ್ಲಿ ಊರಿಗೆ ಊರೇ ಬೆಂಗಳೂರಿಗೆ ಕೂಲಿಗೆ ಹೊರಟಿರುವಾಗ ಎದುರು ದಿಕ್ಕಿನಲ್ಲಿ ಬರುವವರು ಯಾರು? 1902ರಲ್ಲೇ ಶಿವನಸಮುದ್ರದ ಕರೆಂಟು ಕಂಡ ಊರು ಇದು. ಬೆಂಗಳೂರಿಗೆ ಅದು ತಲುಪಿದ್ದು 1905ರಲ್ಲಿ. ಆ ಮೂರು ವರ್ಷದ ಹಿರಿತನಕ್ಕೆ ಪಿಂಚಣಿ ಇದ್ದಿದ್ದರೆ ನಾವೂ ಕಾಲು ಚಾಚಿ ಕೂರಬಹುದಿತ್ತು.

ಬಂಗಾರಪೇಟೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಗಿಟಾರು ಮಗುಚಿ ಹಾಕಿ ಹೇಳಿದ್ದು: 'ನಾಬ್ ತಿರುಗ್ತಾ ಇರೋದಲ್ಲಣ್ಣಾ, ಪಾಟೇ ತಿರುಗ್ತಾ ಇದೆ.' ನಟ್ಟು ಸಡಿಲವಾದರೆ ಹೀಗಾಗುತ್ತದೆ. ನಾಬಿನ ಜೊತೆ ಇಡೀ ಪಾಟು ಗಿರಕಿ ಹೊಡೆದು, ಒಳಗಿನ ವೈರು ಹುರಿಗೊಂಡು, ಬೆಸುಗೆ ಕಿತ್ತು ಬರುತ್ತದೆ. ಮೇಲಿನಿಂದ ನೋಡುವವರಿಗೆ ನಾಬು ಚೆನ್ನಾಗಿಯೇ ತಿರುಗುತ್ತಿರುತ್ತದೆ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಸ್ಥಿತಿಯೂ ಇದೇ. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ಅಸ್ತು ಎಂದಿತು: ನಾಬು ತಿರುಗಿತು. 2024ರ ಜೂನ್‌ನಲ್ಲಿ ಗಣಿತ್ಯಾಜ್ಯದ 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಂಪುಟ ಒಪ್ಪಿತು: ಮತ್ತೊಂದು ಸುತ್ತು. ನಡುವೆ ಅದೇ ಸೈನೈಡ್ ದಿಬ್ಬಗಳ ಮೇಲೆ ಸಿನಿಮಾದವರು ಬಂದು ಊರಿನ ಹೆಸರಿಟ್ಟ ಚಿತ್ರ ತೆಗೆದರು. 2018ರಲ್ಲಿ ಅದರ ಸದ್ದಿಗೆ ದೇಶದ ಥಿಯೇಟರುಗಳೇ ನಡುಗಿದವು. ಊರಿನಲ್ಲಿ ಮಾತ್ರ ಗಾಳಿಗೆ ಧೂಳು ಎದ್ದಿತು.

ಹೀಗೆ ಗಿರಕಿ ಹೊಡೆಯುವ ಪಾಟನ್ನು ರಿಪೇರಿ ಮಾಡುವ ಕ್ರಮ ಗುಟ್ಟಿನದೇನಲ್ಲ. ಮೊದಲು ಹಿಂಬದಿಯ ಪ್ಲೇಟು ಬಿಚ್ಚಬೇಕು. ಪಾಟನ್ನು ಒಳಗಿನಿಂದ ಅಲ್ಲಾಡದಂತೆ ಹಿಡಿದು, ಮೇಲಿನ ನಟ್ಟು ಬಿಗಿ ಮಾಡಿ, ಕಿತ್ತ ವೈರುಗಳಿಗೆ ಬೆಸುಗೆ ಹಾಕಬೇಕು. ಕೆಜಿಎಫ್‌ನ ಪಾಟಿಗೂ ಮೂರು ಕಾಲು: ಮಾಜಿ ಕಾರ್ಮಿಕರ ಬಾಕಿ, ಅವರ ಕ್ವಾರ್ಟರ್ಸಿನ ಹಕ್ಕುಪತ್ರ, ದಿಬ್ಬದ ಧೂಳು. ಪರಿಶೀಲನೆಗೆ ಬರುವ ಸಮಿತಿಗಳು ಗಿಟಾರನ್ನು ಮಗುಚಿ ನೋಡುವುದಿಲ್ಲ. ಹಾರ ಹಾಕಿಸಿಕೊಂಡು, ಚಾಂಪಿಯನ್ ರೀಫ್ ಗಣಿಯ ಮುಂದೆ ಫೋಟೋ ಹಿಡಿಸಿಕೊಂಡು, ನಾಬನ್ನು ಒಂದು ಸಲ ತಿರುಗಿಸಿ, ಊಟಕ್ಕೆ ಬೆಂಗಳೂರಿಗೆ ಮರಳುತ್ತವೆ.

ಮುಂದಿನ ಚುನಾವಣೆಗೆ ಹೊಸ ನಾಬು ಬರುವುದು ಗ್ಯಾರಂಟಿ. ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ಕಿನದು. ಈ ಸಲ ಅದರ ಮೇಲೆ 11ರವರೆಗೆ ಅಂಕಿ ಇರುತ್ತದಂತೆ.